ಅಪ್ಪ ಕ್ಲಿನಿಕ್ ಮುಚ್ಚುತ್ತಿದ್ದಾರೆ, ಮೂರು ಬೀರು ತುಂಬ ಪೇಷೆಂಟ್ ಕಾರ್ಡ್ ಇವೆ. ಏನು ಮಾಡಬೇಕು?

ಹನುಮಂತನಗರದ ಮಗಳು (ಜುಲೈ 6)

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ ಎಂಬಿಬಿಎಸ್ ಡಾಕ್ಟರು. 38 ವರ್ಷದಿಂದ ಹನುಮಂತನಗರದಲ್ಲಿ ಒಂದೇ ಜಾಗದಲ್ಲಿ ಕ್ಲಿನಿಕ್ ನಡೆಸುತ್ತಿದ್ದಾರೆ. ಈಗ ಅವರಿಗೆ 71. ಮಂಡಿ ನೋವು ಜಾಸ್ತಿ ಆಗಿದೆ. ಕಟ್ಟಡದ ಮಾಲೀಕರೂ ಹಳೇ ಕಟ್ಟಡ ಕೆಡವಿ ಫ್ಲ್ಯಾಟ್ ಕಟ್ಟಿಸುತ್ತಾರಂತೆ. ಈ ಸಲ ಆಯುಧ ಪೂಜೆ ದಿನ ಬಿಪಿ ಮೀಟರಿಗೆ, ಸ್ಟೆತಸ್ಕೋಪಿಗೆ ಕೊನೆಯ ಸಲ ಕುಂಕುಮ ಇಟ್ಟು ಬಾಗಿಲು ಹಾಕೋಣ ಎಂದು ಅಪ್ಪ ತೀರ್ಮಾನ ಮಾಡಿದ್ದಾರೆ.

ಕುರ್ಚಿ, ಮೇಜು, ಮಂಚ ಎಲ್ಲದಕ್ಕೂ ದಾರಿ ಆಯಿತು. ಉಳಿದಿರುವುದು ಕಾರ್ಡುಗಳು. ಅಂಗೈಗಿಂತ ಸ್ವಲ್ಪ ದೊಡ್ಡ ದಪ್ಪ ಕಾಗದದ ಕಾರ್ಡು, ಮೇಲೆ ನಂಬರು, ಕೆಳಗೆ ಅಪ್ಪನ ಅಕ್ಷರ. ಮೂರು ಗಾಡ್ರೇಜ್ ಬೀರು ತುಂಬ ಇವೆ. ಎಣಿಸಿಲ್ಲ, ಆರೇಳು ಸಾವಿರ ಇರಬಹುದು. ನಮ್ಮ ಮಾವ "ಹಳೇ ಪೇಪರ್ ಅಂಗಡಿಗೆ ಹಾಕಮ್ಮ, ಅರ್ಧ ದಿನದ ಕೆಲಸ" ಎಂದರು. ಅಪ್ಪ ಏನೂ ಮಾತಾಡಲಿಲ್ಲ. ರಾತ್ರಿ ಊಟವೂ ಸರಿಯಾಗಿ ಮಾಡಲಿಲ್ಲ.

ಇವನ್ನು ಎಷ್ಟು ವರ್ಷ ಇಡಬೇಕು? ಯಾರಿಗೆ ಕೊಡಬೇಕು? ಈ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ತಿಳಿಸಿ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಆಸ್ಪತ್ರೆ ವ್ಯವಹಾರ ಗೊತ್ತಿಲ್ಲ.

ಸಿಟಿ ಸಿವಿಲ್ ವಕೀಲ (ಜುಲೈ 6)

ಮೇಡಂ, ಮೊದಲು ಕಾನೂನು ಹೇಳಿಬಿಡುತ್ತೇನೆ.

ಡಾಕ್ಟರುಗಳ ನಡತೆಗೆ ಮೆಡಿಕಲ್ ಕೌನ್ಸಿಲ್ 2002 ರಲ್ಲಿ ಮಾಡಿದ ನಿಯಮಗಳಿವೆ. ಅಡ್ಮಿಟ್ ಆದ ರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು ಎಂದು ಅದರಲ್ಲಿದೆ. ರೋಗಿಯಾಗಲಿ, ಅವರು ಒಪ್ಪಿಗೆ ಕೊಟ್ಟವರಾಗಲಿ, ಕೋರ್ಟಾಗಲಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಡಾಕ್ಟರು ಕೊಟ್ಟ ಮೆಡಿಕಲ್ ಸರ್ಟಿಫಿಕೇಟುಗಳಿಗೆ ಒಂದು ರಿಜಿಸ್ಟರೂ ಇರಬೇಕು. 2023 ರ ಆಗಸ್ಟಿನಲ್ಲಿ ಹೊಸ ನಿಯಮ ಬಂತು, ಅದೇ ತಿಂಗಳು ಅದನ್ನು ತಡೆಹಿಡಿದು 2002 ರದ್ದನ್ನೇ ಮತ್ತೆ ಜಾರಿಗೆ ತಂದರು.

"ಅಡ್ಮಿಟ್ ಆದವರು" ಎಂದಿದೆ, ನಮ್ಮದು ಬರೀ ಓಪಿ (ಅಡ್ಮಿಟ್ ಆಗದೆ ತೋರಿಸಿಕೊಂಡು ಹೋಗುವವರು) ಅಲ್ವಾ ಎಂದು ಬಿಡಬೇಡಿ. 1995 ರಲ್ಲಿ ಸುಪ್ರೀಂ ಕೋರ್ಟ್ ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾನೂನಿನ ಒಳಗೆ ತಂದಿದೆ. ಗ್ರಾಹಕ ಆಯೋಗಕ್ಕೆ ದೂರು ಕೊಡಲು 2 ವರ್ಷದ ಅವಧಿ ಇದೆ. ಸರಿಯಾದ ಕಾರಣ ಇದ್ದರೆ ಆಯೋಗ ತಡವಾದದ್ದನ್ನೂ ಮನ್ನಿಸಬಹುದು. ನಾಳೆ ಏನಾದರೂ ಬಂದರೆ ನಿಮ್ಮ ತಂದೆಯ ಪರವಾಗಿ ಮಾತಾಡುವುದು ಆ ಕಾರ್ಡ್ ಒಂದೇ. ಆದ್ದರಿಂದ ಓಪಿ ಕಾರ್ಡನ್ನೂ ಕೊನೆಯ ಭೇಟಿಯಿಂದ 3 ವರ್ಷ ಇಡಿ.

ಮಕ್ಕಳದ್ದು ಬೇರೆ. ಚಿಕ್ಕ ವಯಸ್ಸಿನಲ್ಲಿ ಆದದ್ದಕ್ಕೆ 18 ತುಂಬಿದ ಮೇಲೂ ದಾವೆ ಹಾಕಲು ಅವಕಾಶ ಇರುತ್ತದೆ. ಅದಕ್ಕೇ ಮಗುವಿಗೆ 21 ಆಗುವವರೆಗೆ ಇಡಿ ಎಂದು ಹೇಳುವುದು. ಪೊಲೀಸ್ ಕೇಸು, ಗಾಯದ ಸರ್ಟಿಫಿಕೇಟು ಇದ್ದರೆ ಕೇಸು ಮುಗಿಯುವವರೆಗೆ ಮುಟ್ಟಬೇಡಿ. ಕ್ಲಿನಿಕ್ಕಿಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇರುತ್ತದೆ. ಮುಚ್ಚುವ ವಿಷಯವನ್ನು ಜಿಲ್ಲಾ ನೋಂದಣಿ ಪ್ರಾಧಿಕಾರಕ್ಕೆ ಬರೆದು ತಿಳಿಸಿ, ಸ್ವೀಕೃತಿ ತೆಗೆದುಕೊಳ್ಳಿ. ದಾಖಲೆ ಯಾರ ಬಳಿ ಇರುತ್ತದೆ ಎಂದೂ ಆ ಪತ್ರದಲ್ಲೇ ಬರೆಯಿರಿ.

ಶ್ರೀನಗರ ಬಸ್ ಸ್ಟಾಪ್ (ಜುಲೈ 6)

ದಯವಿಟ್ಟು ಜನಕ್ಕೆ ಮೊದಲೇ ಹೇಳಿ ಅಕ್ಕ. ನಮ್ಮ ಡಾಕ್ಟರ ಕ್ಲಿನಿಕ್ಕಿಗೆ ಅಮ್ಮನನ್ನು ಕರೆದುಕೊಂಡು ಹೋದರೆ ಅಲ್ಲಿ ಮೊಬೈಲ್ ಅಂಗಡಿ ಇತ್ತು. ಅಮ್ಮ ಬೋರ್ಡ್ ಇದ್ದ ಜಾಗವನ್ನೇ ನೋಡುತ್ತಾ ನಿಂತುಬಿಟ್ಟರು. ಹದಿನೈದು ವರ್ಷದ ಥೈರಾಯ್ಡ್ ಲೆಕ್ಕ ಎಲ್ಲಾ ಅವರ ಹತ್ತಿರವೇ ಇತ್ತು.

ರೆಕಾರ್ಡ್ ರೂಮ್ 22 ವರ್ಷ (ಜುಲೈ 7)

ನಾನು ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ 22 ವರ್ಷ ಕೆಲಸ ಮಾಡಿ ನಿವೃತ್ತಿ ಆದವನು. ಕೈ ಅನುಭವ ಹೇಳುತ್ತೇನೆ.

ಆರೇಳು ಸಾವಿರ ಎಂದು ಹೆದರಬೇಡಿ. ಒಂದೊಂದೇ ಓದಲು ಹೋಗಬೇಡಿ, ಓದುತ್ತಾ ಕೂತರೆ ವರ್ಷ ಹಿಡಿಯುತ್ತದೆ. ಕೊನೆಯ ತಾರೀಕು ಮಾತ್ರ ನೋಡಿ. ಮೂರು ವರ್ಷದೊಳಗೆ ಬಂದವರು ಒಂದು ಕಡೆ. ಬಂದು ಮೂರು ವರ್ಷದ ಮೇಲಾದವರು ಇನ್ನೊಂದು ಕಡೆ. ಮಕ್ಕಳು ಪ್ರತ್ಯೇಕ. ಪೊಲೀಸ್ ಕೇಸು, ಅಂಗವಿಕಲತೆ, ಕೆಲಸದ ಜಾಗದಲ್ಲಿ ಆದ ಪೆಟ್ಟು ಇಂಥವು ಪ್ರತ್ಯೇಕ. ಇಬ್ಬರು ಕೂತರೆ ನಾಲ್ಕು ಭಾನುವಾರದಲ್ಲಿ ಮುಗಿಯುತ್ತದೆ.

ಕಾರ್ಡಿಗೆ ಪಿನ್ ಮಾಡಿದ ಇಸಿಜಿ ಇದ್ದರೆ ಅದನ್ನು ಮೊದಲು ಝೆರಾಕ್ಸ್ ಮಾಡಿಸಿ. ಇಸಿಜಿ ಕಾಗದದಲ್ಲಿ ಇಂಕು ಇರುವುದಿಲ್ಲ, ಶಾಖದಿಂದ ಮೂಡಿದ ಗೆರೆ ಅದು. ವರ್ಷ ಕಳೆದಂತೆ ಮಾಸುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟರೆ ಇನ್ನೂ ಬೇಗ ಮಾಸುತ್ತದೆ. ಎಷ್ಟೋ ಜನ ಕಣ್ಣಿಗೆ ಒತ್ತಿಕೊಂಡು ಇಟ್ಟಿದ್ದ ಇಸಿಜಿ ಬಿಡಿಸಿದರೆ ಬಿಳೀ ಹಾಳೆ.

ಹಳೇ ಪೇಪರ್ ಅಂಗಡಿ ಮಾತ್ರ ಬೇಡವೇ ಬೇಡ. ಒಂದು ವರ್ಷ ಬಸವನಗುಡಿ ಪರಿಷೆಯಲ್ಲಿ ಕಡಲೆಕಾಯಿ ಪೊಟ್ಟಣ ಬಿಡಿಸಿದೆ. ಯಾರದೋ ಹೆಣ್ಣುಮಗಳ ರಿಪೋರ್ಟು. ಹೆಸರು, ವಯಸ್ಸು, ಗಂಡನ ಹೆಸರು, ಯಾವ ಪರೀಕ್ಷೆ, ಎಲ್ಲಾ ಇತ್ತು. ಆವತ್ತಿನಿಂದ ನಮ್ಮ ವಿಭಾಗದಿಂದ ಒಂದು ಚೂರು ಹಾಳೆಯನ್ನೂ ತೂಕಕ್ಕೆ ಕೊಡಲು ಬಿಡಲಿಲ್ಲ. ಎಕ್ಸ್‌ರೇ ಫಿಲಂ ಇದ್ದರೆ ಇನ್ನೂ ಹುಷಾರು. ಹಳೇ ಫಿಲಂನಲ್ಲಿ ಬೆಳ್ಳಿ ಇರುತ್ತದೆ, ಅದಕ್ಕಾಗಿ ಹುಡುಕಿಕೊಂಡು ಬಂದು ಕೊಳ್ಳುವವರು ಇದ್ದಾರೆ. ಫಿಲಂ ಮೂಲೆಯಲ್ಲಿ ರೋಗಿಯ ಹೆಸರು ಇರುತ್ತದೆ. ಕೊಡುವ ಮುಂಚೆ ಆ ಮೂಲೆ ಕತ್ತರಿಸಿ ತೆಗೆಯಿರಿ.

ನಾಶ ಮಾಡುವಾಗ ನಿಮ್ಮ ಕಣ್ಣೆದುರೇ ಮಾಡಿಸಿ. ಉದ್ದುದ್ದ ಪಟ್ಟಿ ಮಾಡುವ ಮಷಿನ್ ಬೇಡ, ಪಟ್ಟಿ ಜೋಡಿಸಿ ಓದಬಹುದು. ಚಿಕ್ಕ ಚೂರು ಮಾಡುವ ಮಷಿನ್ ಬೇಕು. ಯಾವ ನಂಬರಿನಿಂದ ಯಾವ ನಂಬರಿನವರೆಗೆ, ಯಾವ ದಿನ ನಾಶ ಆಯಿತು ಎಂದು ಒಂದು ಪುಸ್ತಕದಲ್ಲಿ ಬರೆದು ಡಾಕ್ಟರ ಸಹಿ ಹಾಕಿಸಿ. ಆ ಪುಸ್ತಕ ಯಾವತ್ತೂ ಬಿಸಾಡಬೇಡಿ.

ಕಡಿಮೆ ಸಾಮಾನು (ಜುಲೈ 7)

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ದೊಡ್ಡಪ್ಪ ಡಾಕ್ಟರು. ನಿವೃತ್ತಿ ಆದ ಮೇಲೆ ಎಲ್ಲಾ ಕಾರ್ಡನ್ನೂ ಮನೆಯ ಅಟ್ಟಕ್ಕೆ ಹಾಕಿಸಿದರು. ಅವರು ತೀರಿಕೊಂಡ ಮೇಲೆ ಮನೆ ಮಾರುವಾಗ ಅಟ್ಟ ಇಳಿಸಲು ಬಂದ ಕೂಲಿಯವರು ಅವನ್ನು ಬೀದಿಯಲ್ಲಿ ಗುಡ್ಡೆ ಹಾಕಿದರು. ಅರ್ಧ ಗೆದ್ದಲು ತಿಂದಿತ್ತು. ಉಳಿದರ್ಧ ಗಾಳಿಗೆ ಹಾರಿತು. ನಾವು ಬೀದಿಯಲ್ಲಿ ಓಡಾಡಿ ಆರಿಸಿದೆವು.

ಜಾಸ್ತಿ ಇಟ್ಟರೆ ಜಾಸ್ತಿ ಅಪಾಯ. ಕಾಪಾಡುವವರು ಯಾರು ಎಂದು ಗೊತ್ತಿಲ್ಲದೆ ಇಡುವುದು ಕಾಪಾಡಿದಂತೆ ಅಲ್ಲ. ಮೂರು ವರ್ಷ ದಾಟಿದ್ದನ್ನು ಡಾಕ್ಟರು ಇರುವಾಗಲೇ ನಾಶ ಮಾಡಿಸಿ.

ಹನುಮಂತನಗರದ ಮಗಳು (ಜುಲೈ 9)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಭಾನುವಾರ ನಾನು, ನನ್ನ ತಮ್ಮ ಕೂತು ಕಾರ್ಡ್ ಬೇರೆ ಮಾಡಲು ಶುರು ಮಾಡುತ್ತೇವೆ. ದೊಡ್ಡಪ್ಪನವರ ವಿಷಯ ಅಪ್ಪನಿಗೆ ಓದಿ ಹೇಳಿದೆ. "ಅದಕ್ಕೇ ಹೇಳಿದ್ದು, ನಾನಿರುವಾಗ ಆಗಬೇಕು" ಎಂದರು.

ಆದರೆ ಒಂದು ತೊಡಕು ಇದೆ. ಇವತ್ತು ಸುಮ್ನೆ ಒಂದು ಕಟ್ಟು ತೆಗೆದು ನೋಡಿದೆ. ಹಳೇ ಕಾರ್ಡುಗಳೆಲ್ಲ ಮನೆಗೊಂದು ಕಾರ್ಡು. ಆ ಕಾಲದಲ್ಲಿ ಮನೆಯವರೆಲ್ಲ ಒಟ್ಟಿಗೆ ಬರುತ್ತಿದ್ದರಂತೆ. ಮೇಲೆ ಯಜಮಾನರ ಹೆಸರು, ಒಳಗೆ 1 ಎಂದರೆ ಮಾವ, 2 ಅತ್ತೆ, 3 ಮಗ, 4 ಸೊಸೆ, ಹೀಗೆ. ಅತ್ತೆಯ ಬಿಪಿ ಬರೆದ ಸಾಲಿನ ಕೆಳಗೇ ಸೊಸೆಯ ನಿದ್ದೆ ಮಾತ್ರೆ. ಅದರ ಕೆಳಗೆ ಇನ್ನೂ ಒಂದು ಸಾಲು ಇತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ಆ ಮನೆಯಲ್ಲಿ ಅದು ಅಪ್ಪನನ್ನು, ಆಕೆಯನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ಓದಿ ನನಗೇ ತಪ್ಪು ಮಾಡಿದ ಹಾಗೆ ಅನಿಸಿತು.

ಈ ಕಾರ್ಡನ್ನು ಆ ಮನೆಯವರು ಬಂದು ಕೇಳಿದರೆ ಹೇಗೆ ಕೊಡುವುದು?

ವಿಜಯನಗರ ಓಪಿ (ಜುಲೈ 9)

ನಾನು ಡಾಕ್ಟರ್. ಐದು ವರ್ಷದ ಹಿಂದೆ ಒಬ್ಬ ಹಿರಿಯರ ಕ್ಲಿನಿಕ್ ವಹಿಸಿಕೊಂಡೆ, ಅವರದ್ದೂ ಇದೇ ಕಥೆ.

ಮನೆ ಕಾರ್ಡನ್ನು ಯಾರಿಗೂ ಕೊಡಬೇಡಿ, ಝೆರಾಕ್ಸೂ ಬೇಡ. ಅಪ್ಪನ ಹತ್ತಿರ ಒಬ್ಬೊಬ್ಬರಿಗೂ ಒಂದೊಂದು ಹಾಳೆ ಬರೆಸಿ. ಏನು ಕಾಯಿಲೆ, ಯಾವ ವರ್ಷದಿಂದ, ಈಗ ಯಾವ ಮಾತ್ರೆ ಎಷ್ಟು, ಯಾವ ಔಷಧ ಆಗಿಬರುವುದಿಲ್ಲ, ಏನು ಆಪರೇಷನ್ ಆಗಿದೆ. ಕೆಳಗೆ ಸಹಿ, ತಾರೀಕು, ನೋಂದಣಿ ಸಂಖ್ಯೆ. ನಿಜ ಹೇಳಬೇಕೆಂದರೆ ಮುಂದಿನ ಡಾಕ್ಟರಿಗೆ ಕಾರ್ಡಿಗಿಂತ ಆ ಹಾಳೆಯೇ ಜಾಸ್ತಿ ಉಪಯೋಗ. ಇಪ್ಪತ್ತು ವರ್ಷದ ನೆಗಡಿ ಕೆಮ್ಮು ಯಾರೂ ಓದುವುದಿಲ್ಲ.

ಹಾಳೆ ಅವರವರ ಕೈಗೇ ಕೊಡಿ. ಸೊಸೆಯದ್ದು ಗಂಡನ ಕೈಗೂ ಬೇಡ, ಆಕೆ ಹೇಳಿದರೆ ಮಾತ್ರ. ಚಿಕ್ಕ ಮಕ್ಕಳದ್ದು ತಂದೆ ತಾಯಿಗೆ. ದೊಡ್ಡವರಾದ ಮಕ್ಕಳದ್ದು ಮಕ್ಕಳಿಗೇ. ಎಚ್‌ಐವಿ ವಿಷಯವಾದರೆ 2017 ರ ಕಾನೂನೇ ಇದೆ, ರೋಗಿಯ ಬರಹದ ಒಪ್ಪಿಗೆ ಇಲ್ಲದೆ ಹೊರಗೆ ಬರಬಾರದು.

ಕಾರ್ಡ್ ಎಲ್ಲಾ ಇನ್ನೊಬ್ಬ ಡಾಕ್ಟರಿಗೆ ಒಟ್ಟಿಗೆ ಕೊಟ್ಟುಬಿಡೋಣ ಎಂದು ಯಾರಾದರೂ ಹೇಳಬಹುದು. ಕುರ್ಚಿ ಮೇಜಿನ ಜೊತೆ ಮಾರುವ ವಸ್ತು ಅಲ್ಲ ಅದು. ನಾನು ವಹಿಸಿಕೊಂಡಾಗ ಹಿರಿಯರು ಬೀರು ಕೀ ನನಗೆ ಕೊಡಲಿಲ್ಲ. ಎರಡು ತಿಂಗಳು ಇಬ್ಬರೂ ಜೊತೆಗೆ ಕೂತೆವು. ಬಂದ ಪ್ರತಿಯೊಬ್ಬರನ್ನೂ "ಇವರಿಗೆ ಕಾರ್ಡ್ ತೋರಿಸಲಾ?" ಎಂದು ಕೇಳುತ್ತಿದ್ದರು. ಹೂಂ ಎಂದವರದ್ದು ನನ್ನ ಕಡೆ ಬಂತು. ಬೇಡ ಎಂದವರಿಗೆ ಹಾಳೆ ಬರೆದು ಕೊಟ್ಟರು. ಆ ಕಾರ್ಡುಗಳಿಂದ ನನಗೆ ಎಷ್ಟು ಅನುಕೂಲ ಆಯಿತು ಎಂದು ಹೇಳಲಾರೆ. ಒಬ್ಬ ಅಜ್ಜನಿಗೆ ಬಿಪಿಗೆ ಎನಾಲಾಪ್ರಿಲ್ ಬರೆಯಲು ಪೆನ್ನು ಎತ್ತಿದ್ದೆ. ಕಾರ್ಡಿನಲ್ಲಿ "ಒಣ ಕೆಮ್ಮು, ನಿಲ್ಲಿಸಿದೆ" ಎಂದಿತ್ತು. ಅಜ್ಜನಿಗೆ ಅದು ನೆನಪೇ ಇರಲಿಲ್ಲ.

ಹಾಳೆ ಬರೆಯುವುದನ್ನು ಯಾರಿಂದ ಶುರು ಮಾಡಬೇಕು ಎಂದರೆ, ಒಂದು ತಿಂಗಳು ಡಾಕ್ಟರಿಲ್ಲದೆ ಇರಲು ಆಗದವರಿಂದ. ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರು ಮೊದಲು, ಅದು ಥಟ್ಟನೆ ನಿಂತರೆ ಫಿಟ್ಸ್ ಮರಳಿ ಬರಬಹುದು. ರಕ್ತ ತೆಳುವಾಗಿಸುವ ಮಾತ್ರೆಯವರು. ಇನ್ಸುಲಿನ್‌ನವರು. ರುಮ್ಯಾಟಿಕ್ ಹೃದಯದ ತೊಂದರೆಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ತೆಗೆದುಕೊಳ್ಳುವವರು.

ಕಂಪೌಂಡರ್ 1984 (ಜುಲೈ 12)

ಅಮ್ಮಾ, ನಾನು ಚಾಮರಾಜಪೇಟೆಯಲ್ಲಿ ಒಬ್ಬ ಡಾಕ್ಟರ ಹತ್ತಿರ 29 ವರ್ಷ ಕಂಪೌಂಡರ್ ಆಗಿದ್ದೆ. ಮಗನ ಕೈಲಿ ಟೈಪ್ ಮಾಡಿಸುತ್ತಿದ್ದೇನೆ.

ನೋಟಿಸನ್ನು ಕ್ಲಿನಿಕ್ ಬಾಗಿಲಿಗೆ ಹಾಕಿದರೆ ಸಾಲದು. ಪಕ್ಕದ ಮೆಡಿಕಲ್ ಶಾಪಿನಲ್ಲಿ ಹಾಕಿಸಿ. ತಿಂಗಳ ಮಾತ್ರೆಗೆ ಬರುವವರೆಲ್ಲ ಅಲ್ಲಿಗೆ ಬಂದೇ ಬರುತ್ತಾರೆ. ಹಾಲಿನ ಬೂತು, ಪಾರ್ಕಿನ ಗೇಟು, ದೇವಸ್ಥಾನ. ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ. ಯಾವ ದಿನ ಮುಚ್ಚುತ್ತೇವೆ, ಅದಕ್ಕೆ ಮುಂಚೆ ಯಾವ ಹೊತ್ತಿನಲ್ಲಿ ಬಂದರೆ ಹಾಳೆ ಸಿಗುತ್ತದೆ, ಆಮೇಲೆ ಎಲ್ಲಿ ಕೇಳಬೇಕು. ಮೂರು ತಿಂಗಳಾದರೂ ಇರಲಿ. ವರ್ಷಕ್ಕೊಮ್ಮೆ ಬರುವವರಿಗೆ ಅದೂ ಕಾಣುವುದಿಲ್ಲ, ಅವರಿಗೆ ಫೋನೇ ಮಾಡಬೇಕು.

ಇನ್ನೊಂದು ಮಾತು. ನಮ್ಮ ಡಾಕ್ಟರು ಕಾರ್ಡಿನ ಮೂಲೆಯಲ್ಲಿ ಗುರುತು ಹಾಕುತ್ತಿದ್ದರು. ಒಂದು ಗೆರೆ ಇದ್ದರೆ ಶುಗರ್, ಎರಡು ಗೆರೆ ಇದ್ದರೆ ಹೃದಯ. ಅದು ಅವರಿಗೆ, ನನಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ನಿಮ್ಮ ತಂದೆಯವರನ್ನು ಹಾಗೆ ಏನಾದರೂ ಗುರುತು ಇದೆಯಾ ಎಂದು ಕೇಳಿ ನೋಡಿ.

ಹನುಮಂತನಗರದ ಮಗಳು (ಜುಲೈ 13)

ಕಂಪೌಂಡರ್ ಮಾಮ, ನಿಮ್ಮ ಮಗನಿಗೂ ನಿಮಗೂ ಕೈ ಮುಗಿಯುತ್ತೇನೆ.

ನಿನ್ನೆ ರಾತ್ರಿ ಅಪ್ಪನನ್ನು ಕೇಳಿದೆ. "ಹೂಂ, ಕೆಂಪು ಸುತ್ತು ಹಾಕುತ್ತೇನಲ್ಲ" ಎಂದರು, ಎಲ್ಲರಿಗೂ ಗೊತ್ತಿರುವ ವಿಷಯದ ಹಾಗೆ. ಪೆನಿಸಿಲಿನ್ ಆಗಿಬರದವರ ನಂಬರಿನ ಸುತ್ತ ಕೆಂಪು ಪೆನ್ನಿನಲ್ಲಿ ಒಂದು ಸುತ್ತು. ಕ್ಲಿನಿಕ್ ಶುರು ಮಾಡಿದ ಹೊಸದರಲ್ಲಿ ಒಬ್ಬ ಹೆಂಗಸು ಇಂಜೆಕ್ಷನ್ ತೆಗೆದುಕೊಂಡು ಬೆಂಚಿನ ಮೇಲೆ ಕೂತವರು ಹಾಗೇ ಪಕ್ಕಕ್ಕೆ ವಾಲಿಬಿಟ್ಟರಂತೆ. ಅಪ್ಪ ಅಡ್ರಿನಲಿನ್ ಕೊಟ್ಟು, ಆಟೋದಲ್ಲಿ ಅವರ ತಲೆ ಹಿಡಿದುಕೊಂಡು ವಿಕ್ಟೋರಿಯಾ ಆಸ್ಪತ್ರೆಗೆ ಹೋದರಂತೆ. ಅವರು ಉಳಿದುಕೊಂಡರು. ಮನೆಗೆ ಬರುವ ದಾರಿಯಲ್ಲಿ ಅಪ್ಪ ಕೆಂಪು ಪೆನ್ನು ಕೊಂಡು ತಂದರು.

ನನ್ನ ಹೊಟ್ಟೆ ಧಸಕ್ಕೆಂದಿತು. ಏಕೆಂದರೆ ಕಳೆದ ವಾರ ನಾನೇ ಮೊಬೈಲಿನಲ್ಲಿ 400 ಕಾರ್ಡ್ ಸ್ಕ್ಯಾನ್ ಮಾಡಿದ್ದೆ. ಫೈಲು ಚಿಕ್ಕದಾಗಲಿ ಎಂದು ಕಪ್ಪು ಬಿಳುಪಿನಲ್ಲಿ ಮಾಡಿದ್ದೆ. ಎದ್ದು ಹೋಗಿ ತೆಗೆದು ನೋಡಿದೆ. ಆ್ಯಪ್ ಕಾರ್ಡಿನ ಕಲೆಗಳನ್ನೆಲ್ಲ ಅಳಿಸಿ ಬಿಳಿ ಮಾಡಿದೆ, ಜೊತೆಗೆ ಕೆಂಪು ಸುತ್ತನ್ನೂ ಅಳಿಸಿದೆ. ಒಂದೆರಡರಲ್ಲಿ ತೆಳ್ಳಗೆ ಬೂದು ಗೆರೆ ಇದೆ, ಉಳಿದದ್ದರಲ್ಲಿ ಏನೂ ಇಲ್ಲ. ಸ್ಕ್ಯಾನ್ ಆದ ಕಾರ್ಡನ್ನು ಹರಿಯಲು ಬೇರೆ ಇಟ್ಟಿದ್ದೆ. ಪುಣ್ಯ, ಹರಿದಿರಲಿಲ್ಲ.

ಮತ್ತೆ ಮೊದಲಿಂದ, ಬಣ್ಣದಲ್ಲಿ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡುತ್ತಿದ್ದೇವೆ. ಬೇರೆ ಯಾರಾದರೂ ಈ ಕೆಲಸ ಮಾಡುವವರಿದ್ದರೆ ಡಾಕ್ಟರನ್ನು ಮೊದಲು ಗುರುತುಗಳ ಬಗ್ಗೆ ಕೇಳಿ. ಕಂಪೌಂಡರನ್ನೂ, ನರ್ಸನ್ನೂ ಕೇಳಿ.

ವಿಜಯನಗರ ಓಪಿ (ಜುಲೈ 13)

ಕೆಂಪು ಸುತ್ತಿನವರಿಗೆ ಹಾಳೆ ಕೊಡುವಾಗ ಒಂದು ಸಾಲು ಸೇರಿಸಿ: ಅಮಾಕ್ಸಿಸಿಲಿನ್, ಆಂಪಿಸಿಲಿನ್ ಕೂಡ ಅದೇ ಜಾತಿಯ ಔಷಧ. "ನನಗೆ ಪೆನಿಸಿಲಿನ್ ಆಗಲ್ಲ" ಎನ್ನುವವರೇ ಗಂಟಲು ನೋವಿಗೆ ಮೆಡಿಕಲ್ ಶಾಪಿನಿಂದ ಅಮಾಕ್ಸಿಸಿಲಿನ್ ತಂದು ನುಂಗುತ್ತಾರೆ. ಹೆಸರು ಬೇರೆ ಅಲ್ವಾ, ಅವರಿಗೆ ಹೇಗೆ ಗೊತ್ತಾಗಬೇಕು.

ಇಬ್ಬರು ಮಕ್ಕಳ ಅಮ್ಮ, ಜೆ.ಪಿ. ನಗರ (ಜುಲೈ 15)

ಮಕ್ಕಳ ಕಾರ್ಡಿನ ಬಗ್ಗೆ ನನ್ನದೊಂದು ಅನುಭವ. ಮಗಳಿಗೆ ಅಮೆರಿಕದಲ್ಲಿ ಓದಲು ಸೀಟು ಸಿಕ್ಕಿತು. ಕಾಲೇಜಿನವರು ಲಸಿಕೆ ದಾಖಲೆ ಕೇಳಿದರು, ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ) ಎರಡು ಡೋಸ್ ತಾರೀಕಿನ ಸಮೇತ. ನಮ್ಮ ಹತ್ತಿರ ಇದ್ದ ಪುಸ್ತಕ ಮನೆ ಬದಲಾಯಿಸುವಾಗ ಕಳೆದಿತ್ತು. ಮಕ್ಕಳ ಡಾಕ್ಟರು ಕ್ಲಿನಿಕ್ ಮುಚ್ಚಿ ಎಂಟು ವರ್ಷ ಆಗಿತ್ತು. ಅವರ ದಾಖಲೆ ಏನಾಯಿತು ಎಂದು ಯಾರಿಗೂ ಗೊತ್ತಿಲ್ಲ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿ, ರೋಗನಿರೋಧಕ ಶಕ್ತಿ ಇದೆ ಎಂದು ತೋರಿಸಿದೆವು. ಒಂದಕ್ಕೆ ಸಾಲದು ಎಂದು ಬಂತು, ಮತ್ತೆ ಚುಚ್ಚಿಸಿದೆವು. ಅದರಿಂದ ತೊಂದರೆ ಇಲ್ಲ ಎಂದು ಡಾಕ್ಟರು ಹೇಳಿದರು. ಆದರೂ ವೀಸಾ ಓಡಾಟದ ಮಧ್ಯೆ ಆ ಎರಡು ವಾರ ನಿದ್ದೆ ಇರಲಿಲ್ಲ.

ಮಕ್ಕಳಿಗೆ ಲಸಿಕೆ ಹಾಕಿದ ಪುಟ ಎಲ್ಲಿದ್ದರೂ ಆ ಮನೆಗೆ ತಲುಪಿಸಿ ಅಕ್ಕ. ಸಿಕ್ಕವರು ಡಿಜಿಲಾಕರ್‌ನಲ್ಲಿ ತಾವೇ ಹಾಕಿಟ್ಟುಕೊಳ್ಳಲಿ.

ಕ್ಲೇಮ್ ಫಾರಂ (ಜುಲೈ 18)

ವಿಮೆ ಇರುವವರಿಗೂ ಈ ಹಾಳೆ ಬೇಕಾಗುತ್ತದೆ. ನಮ್ಮ ತಂದೆಗೆ ಹೃದಯಕ್ಕೆ ಸ್ಟೆಂಟ್ ಹಾಕಿದಾಗ ವಿಮೆ ಕಂಪನಿಯವರು ಕೇಳಿದ ಮೊದಲ ಪ್ರಶ್ನೆ "ಬಿಪಿ ಯಾವತ್ತು ಶುರುವಾಯಿತು, ಮೊದಲ ಚೀಟಿ ಕೊಡಿ". ಪಾಲಿಸಿ ಮಾಡಿಸುವ ಮುಂಚೆಯೇ ಇತ್ತಾ ಎಂದು ನೋಡಲು. ಮೊದಲು ನೋಡಿದ ಡಾಕ್ಟರು ಕ್ಲಿನಿಕ್ ಮುಚ್ಚಿದ್ದರು. ಅವರ ಮನೆ ಹುಡುಕಿಕೊಂಡು ರಾಜಾಜಿನಗರದಿಂದ ಕೆಂಗೇರಿಗೆ ಹೋದೆ. ಪುಣ್ಯಾತ್ಮರು ರಿಜಿಸ್ಟರ್ ಇಟ್ಟಿದ್ದರು, ನೋಡಿ ಪತ್ರ ಬರೆದುಕೊಟ್ಟರು. ಕ್ಲೇಮ್ ಆಯಿತು.

2024 ರಿಂದ ನಿಯಮ ಸ್ವಲ್ಪ ಸುಧಾರಿಸಿದೆ. ಪಾಲಿಸಿ ಸತತ 60 ತಿಂಗಳು ನಡೆದಿದ್ದರೆ ಮೋಸ ಮಾಡಿದ್ದಾರೆಂದು ಸಾಬೀತಾಗದ ಹೊರತು ಹಳೇ ಕಾಯಿಲೆ ಹೇಳಿಲ್ಲ ಎಂದು ಕ್ಲೇಮ್ ತಳ್ಳಿಹಾಕುವಂತಿಲ್ಲ. ಆದರೆ ಹೊಸ ಪಾಲಿಸಿಯವರಿಗೆ ಮೊದಲ ಚೀಟಿಯ ತಾರೀಕೇ ಎಲ್ಲಾ. ಹಾಳೆಯಲ್ಲಿ "ಯಾವ ವರ್ಷದಿಂದ" ಎಂಬುದನ್ನು ಮರೆಯದೆ ಬರೆಸಿ.

ಬ್ಯಾಕಪ್ (ಜುಲೈ 20)

ಕಾರ್ಡ್ ಬಗ್ಗೆ ಎಲ್ಲರೂ ಹೇಳಿದ್ದಾರೆ. ಅಪ್ಪನ ಮೊಬೈಲ್ ಬಗ್ಗೆ ಯಾರೂ ಕೇಳಲಿಲ್ಲ. ಈಗಿನ ಕಾಲದಲ್ಲಿ ಅರ್ಧ ದಾಖಲೆ ಅಲ್ಲೇ ಇರುವುದು. "ಡಾಕ್ಟ್ರೇ, ರಿಪೋರ್ಟ್ ಕಳಿಸಿದ್ದೀನಿ ನೋಡಿ" ಎಂದು ವಾಟ್ಸಾಪ್‌ನಲ್ಲಿ ಬಂದ ರಕ್ತ ಪರೀಕ್ಷೆ, ಚರ್ಮದ ಫೋಟೋ, ಮಗುವಿನ ಎಕ್ಸ್‌ರೇ. ಕೆಲವೊಮ್ಮೆ ಅವು ತಾನಾಗಿ ಫೋನಿನ ಗ್ಯಾಲರಿಗೆ ಸೇರಿರುತ್ತವೆ. ಮೊಮ್ಮಕ್ಕಳು ಅದೇ ಫೋನಿನಲ್ಲಿ ಆಟ ಆಡುತ್ತಿರುತ್ತಾರೆ.

ಕ್ಲಿನಿಕ್ ನಂಬರನ್ನು ತಕ್ಷಣ ನಿಲ್ಲಿಸಬೇಡಿ. ಬಿಟ್ಟ ನಂಬರನ್ನು 90 ದಿನ ಆದ ಮೇಲೆ ಕಂಪನಿಯವರು ಬೇರೆಯವರಿಗೆ ಕೊಡಬಹುದು. ಆಮೇಲೆ ನಿಮ್ಮ ಪೇಷೆಂಟು ಅಪ್ಪನಿಗೆ ಎಂದುಕೊಂಡು ಕಳಿಸುವ ರಿಪೋರ್ಟ್ ಯಾರೋ ಅಪರಿಚಿತರಿಗೆ ಹೋಗುತ್ತದೆ. ಕಡಿಮೆ ರೀಚಾರ್ಜ್ ಹಾಕಿ ಎರಡು ವರ್ಷವಾದರೂ ನಂಬರ್ ಉಳಿಸಿಕೊಳ್ಳಿ. ಕ್ಲಿನಿಕ್ ಮುಚ್ಚಿದೆ ಎಂದು ತಾನಾಗಿ ಉತ್ತರ ಹೋಗುವ ಹಾಗೆ ಇಡಿ.

ಸಾಫ್ಟ್‌ವೇರ್ ಇಟ್ಟುಕೊಂಡಿರುವ ಡಾಕ್ಟರು ಇದನ್ನು ಓದುತ್ತಿದ್ದರೆ, ತಿಂಗಳ ಹಣ ನಿಲ್ಲಿಸುವ ಮುಂಚೆ ದಾಖಲೆ ಎಲ್ಲಾ ಪಿಡಿಎಫ್ ಆಗಿ ಇಳಿಸಿಕೊಳ್ಳಿ. ಎರಡು ಹಾರ್ಡ್ ಡಿಸ್ಕ್, ಎರಡೂ ಬೇರೆ ಬೇರೆ ಮನೆಯಲ್ಲಿ, ಎರಡಕ್ಕೂ ಪಾಸ್‌ವರ್ಡ್. ಆ ಪಾಸ್‌ವರ್ಡ್ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ.

ಹನುಮಂತನಗರದ ಮಗಳು (ಸೆಪ್ಟೆಂಬರ್ 14)

ತುಂಬಾ ದಿನ ಆಯಿತು, ಬರೆಯಲು ಆಗಲಿಲ್ಲ. ಕೆಲಸ ಹೇಗೆ ನಡೆದಿದೆ ಎಂದು ಹೇಳುತ್ತೇನೆ.

ದಿನಾ ಸಂಜೆ 5 ರಿಂದ 7 ಹಾಳೆ ಕೊಡುವ ಹೊತ್ತು. ಅಪ್ಪ ಕಾರ್ಡ್ ನೋಡಿ ಹೇಳುತ್ತಾರೆ, ನಾನು ಬರೆಯುತ್ತೇನೆ, ಅಪ್ಪ ಓದಿ ಸಹಿ ಹಾಕುತ್ತಾರೆ. ತೆಗೆದುಕೊಂಡವರು ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಮೊದಲ ವಾರ ಇಬ್ಬರೋ ಮೂವರೋ ಬಂದರು. ಮೆಡಿಕಲ್ ಶಾಪಿನಲ್ಲಿ ನೋಟಿಸ್ ಹಾಕಿದ ಮೇಲೆ ಮೆಟ್ಟಿಲವರೆಗೂ ಸಾಲು. ಕಂಪೌಂಡರ್ ಮಾಮ ಹೇಳಿದ್ದು ಸರಿ.

ಮನೆ ಕಾರ್ಡಿನ ಆ ಸೊಸೆಯೂ ಬಂದಿದ್ದರು. ಈಗ ಅವರಿಗೇ ಸೊಸೆ ಬಂದಿದ್ದಾರೆ. ಅಪ್ಪ ನನ್ನನ್ನು ಹೊರಗೆ ಕಳಿಸಿ ಅವರ ಹಾಳೆ ತಾವೇ ಬರೆದರು. ಹತ್ತು ನಿಮಿಷ ಬಾಗಿಲು ಹಾಕಿತ್ತು. ಆಮೇಲೆ ಅವರು ಸೀರೆ ಸೆರಗಿನ ಒಳಗೆ ಹಾಳೆ ಮಡಿಸಿಟ್ಟುಕೊಂಡು ಹೋದರು. ಉಳಿದವರ ಹಾಳೆ ಕವರಿನಲ್ಲಿತ್ತು.

ಇನ್ನೊಬ್ಬರು ಗಂಡ ತೀರಿಕೊಂಡ ಅಜ್ಜಿ. "ನನ್ನದು ಬೇಡ, ಅವರದ್ದು ಇದೆಯಾ" ಎಂದರು. ವಕೀಲರನ್ನು ಫೋನಿನಲ್ಲಿ ಕೇಳಿದೆ. ಹೆಂಡತಿ ವಾರಸುದಾರರೇ, ಗುರುತಿನ ಚೀಟಿ, ಮರಣ ಪತ್ರ ಎರಡನ್ನೂ ನೋಡಿ ಕೊಡಿ ಎಂದರು. ಮರುದಿನ ಎರಡನ್ನೂ ತಂದರು. ಅವರಿಬ್ಬರದ್ದೂ ಒಂದೇ ಕಾರ್ಡು, ಬೇರೆ ಯಾರೂ ಅದರಲ್ಲಿಲ್ಲ. ಹಾಗಾಗಿ ಅಪ್ಪ ಕಾರ್ಡನ್ನೇ ಕೊಟ್ಟರು, ನಾವು ಬಣ್ಣದ ಪ್ರತಿ ಇಟ್ಟುಕೊಂಡೆವು. ಅಜ್ಜಿ ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನ ಮೇಲೆ ಬೆರಳಿಟ್ಟು "ಇದೇನು ಬರೆದಿದ್ದೀರಿ" ಎಂದು ಕೇಳಿದರು. "ಊಟ ರುಚಿಸುತ್ತಿದೆ, ನಿದ್ದೆ ಚೆನ್ನಾಗಿದೆ" ಎಂದು ಅಪ್ಪ ಓದಿದರು.

ಮೂರು ವರ್ಷ ದಾಟಿದ ದೊಡ್ಡವರ ಕಾರ್ಡುಗಳು, ಕೆಂಪು ಸುತ್ತು ಇಲ್ಲದವು, ಎರಡು ಶನಿವಾರ ಮಷಿನ್ನಿಗೆ ಹೋದವು. ನಾನೂ ತಮ್ಮನೂ ಅಲ್ಲೇ ನಿಂತು ಕೊನೆಯ ಚೂರಿನವರೆಗೂ ನೋಡಿದೆವು. ಪುಸ್ತಕದಲ್ಲಿ ನಂಬರು, ತಾರೀಕು, ಅಪ್ಪನ ಸಹಿ ಇದೆ. ಕಡಿಮೆ ಸಾಮಾನು ಅವರೇ, ನಿಮ್ಮ ಮಾತು ಕೇಳಿದೆವು. ಉಳಿದದ್ದು ಒಂದೇ ಬೀರು. ಅದು ನಮ್ಮ ಮನೆಗೆ ಬರುತ್ತದೆ. ಪ್ರತಿ ಪೆಟ್ಟಿಗೆಯ ಮೇಲೆ ಯಾವ ವರ್ಷ ನಾಶ ಮಾಡಬೇಕು ಎಂದು ಬರೆದಿದ್ದೇವೆ. ಕೀ ನನ್ನ ಹತ್ತಿರ, ನನಗೇನಾದರೂ ಆದರೆ ತಮ್ಮನ ಹತ್ತಿರ.

ಕಂಪೌಂಡರ್ 1984 (ಸೆಪ್ಟೆಂಬರ್ 15)

ಓದಿ ಸಂತೋಷ ಆಯಿತಮ್ಮಾ. ಕೆಂಪು ಸುತ್ತಿನವರು ಎಲ್ಲರೂ ಸಿಕ್ಕರಾ?

ಹನುಮಂತನಗರದ ಮಗಳು (ಸೆಪ್ಟೆಂಬರ್ 15)

ಒಟ್ಟು 43 ಜನ ಮಾಮ. ನಾಲ್ವರು ತೀರಿಕೊಂಡಿದ್ದಾರೆ. 37 ಜನಕ್ಕೆ ಹಾಳೆ ತಲುಪಿತು. ಊರು ಬಿಟ್ಟವರಿಗೆ ಫೋನ್ ಮಾಡಿ, ಅವರೇ ಎಂದು ಖಚಿತ ಮಾಡಿಕೊಂಡು ಅಂಚೆಯಲ್ಲಿ ಕಳಿಸಿದೆವು. ಇಬ್ಬರು ಇನ್ನೂ ಸಿಕ್ಕಿಲ್ಲ. ಒಬ್ಬರ ಹಳೇ ಮನೆ ಪಕ್ಕದವರು "ಮಾಗಡಿ ಹತ್ತಿರ ಮಗನ ತೋಟದಲ್ಲಿ ಇದ್ದಾರೆ" ಎಂದಿದ್ದಾರೆ. ಈ ಭಾನುವಾರ ನಾನೂ ಅಪ್ಪನೂ ಹೋಗಿ ಬರುತ್ತೇವೆ. ಇನ್ನೊಬ್ಬರು, ಅಪ್ಪ ಆಟೋದಲ್ಲಿ ಕರೆದುಕೊಂಡು ಹೋಗಿದ್ದರಲ್ಲ, ಆ ಹೆಂಗಸು. ಅವರ ಕಾರ್ಡಿನಲ್ಲಿ ವಿಳಾಸ ಬರೀ "ಗವಿಪುರ, ನಲ್ಲಿ ಪಕ್ಕದ ಮನೆ" ಎಂದಿದೆ. ಅಪ್ಪ ದಿನಾ ಬೆಳಿಗ್ಗೆ ವಾಕಿಂಗನ್ನು ಆ ಕಡೆಗೇ ಮಾಡುತ್ತಿದ್ದಾರೆ.